ಮದುವೆ ಮದ್ದಲ್ಲ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ತಾಲ್ಲೂಕು ಕೇಂದ್ರದಲ್ಲಿ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ. ಸಭೆಯಲ್ಲಿ ಕೇಳಿಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಮಾತಿನ ನಡುವೆ ಸೇರಿಸಿದೆ.)



ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಈಗ ನಾನು ಹೇಳಿದಾಗಲೂ ಅರ್ಧ ಸಭೆ ನಕ್ಕಿತು. ಚಿಕ್ಕವಳಿದ್ದಾಗ ನಾನೂ ನಗುತ್ತಿದ್ದೆ. ನಮ್ಮ ಮನೆಯಲ್ಲೇ ಆ ಗಾದೆಯ ಎರಡನೇ ಅರ್ಧವನ್ನು ನಂಬಿ ಒಂದು ಮದುವೆ ಮಾಡಿದೆವು. ಆಮೇಲೆ ನನಗೆ ನಗು ಬರಲಿಲ್ಲ.

ಇವತ್ತು ನನಗೆ ಕೊಟ್ಟಿರುವ ವಿಷಯ ಸ್ಕಿಜೋಫ್ರೀನಿಯಾ ಎಂಬ ಕಾಯಿಲೆ. ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಮಾತಾಡುವ ನಮ್ಮ ಶಿಬಿರದಲ್ಲಿ ಈ ಡಾಕ್ಟರ ವಿಷಯ ಯಾಕೆ ಎಂದು ಬೆಳಿಗ್ಗೆ ಒಬ್ಬರು ಕೇಳಿದರು. ನನ್ನ ಅಕ್ಕನ ಕಥೆಯಲ್ಲೇ ಅದಕ್ಕೆ ಉತ್ತರವಿದೆ. ಅವಳನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. "ನನ್ನ ಹೆಸರೊಂದು ಬ್ಯಾಡ. ಉಳಿದದ್ದೆಲ್ಲಾ ಹೇಳು. ಮತ್ತೊಬ್ಬಾಕಿಗೆ ಹಂಗ ಆಗಬಾರದು" ಎಂದಿದ್ದಾಳೆ.

ನಮ್ಮದು ಹಾವೇರಿ ಕಡೆಯ ಹಳ್ಳಿ. ಅಕ್ಕ ಪಿಯುಸಿ ಮುಗಿಸಿ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಇಪ್ಪತ್ತರ ಹೊತ್ತಿಗೆ ಬದಲಾಗತೊಡಗಿದಳು. ಮೊದಲು ಹೊಲಿಗೆ ಕ್ಲಾಸು ಬಿಟ್ಟಳು. ಆಮೇಲೆ ಗೆಳತಿಯರನ್ನು ಬಿಟ್ಟಳು. ತಲೆ ಬಾಚುವುದು, ಮೈ ತೊಳೆಯುವುದು ನಿಂತಿತು. ರಾತ್ರಿಯೆಲ್ಲ ಎದ್ದು ಕೂತು ತನ್ನಷ್ಟಕ್ಕೆ ತಾನೇ ಗುಣುಗುಣು ಮಾತಾಡುತ್ತಿದ್ದಳು. ಪಕ್ಕದ ಮನೆಯ ರೇಡಿಯೋದಲ್ಲಿ ತನ್ನದೇ ಸುದ್ದಿ ಬರುತ್ತಿದೆ ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪ ಸೋಮಾರಿತನ ಅಂದ. ಅವ್ವ ಸೊಕ್ಕು ಅಂದಳು. ಅಜ್ಜಿ ಗಾಳಿ ಸೋಕಿದೆ ಅಂದಳು. ಅಂಗಾರ, ತಾಯಿತ, ಅಮಾವಾಸ್ಯೆ ಪೂಜೆ ಎಂದು ಎಂಟು ತಿಂಗಳು ಕಳೆದವು. ಕೊನೆಗೆ ಸೋದರಮಾವ ಹಟ ಹಿಡಿದು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ದನಿಗಳು ಅಡಗಿದವು. ಅಕ್ಕ ಮತ್ತೆ ಹೊಲಿಗೆ ಮಷೀನಿನ ಮುಂದೆ ಕೂತಳು.

ಅಷ್ಟರಲ್ಲಿ ಒಂದು ಸಂಬಂಧ ಬಂತು. ಅದು 1994. ಬೀಗರು ಕೇಳಿದ್ದು ಐದು ತೊಲೆ ಬಂಗಾರ, ಇಪ್ಪತ್ತು ಸಾವಿರ ರೂಪಾಯಿ. ಅಪ್ಪ ತಾನಾಗಿಯೇ ಎಂಟು ತೊಲೆ, ನಲವತ್ತು ಸಾವಿರ ಅಂದ. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟ ಅಪ್ಪನನ್ನು ಊರು ಹೊಗಳಿತು. ಆ ಹೆಚ್ಚಿನ ಮೂರು ತೊಲೆ ಯಾತಕ್ಕೆ ಎಂದು ನಮಗಷ್ಟೇ ಗೊತ್ತಿತ್ತು. ನಾಳೆ ವಿಷಯ ತಿಳಿದರೂ ಅವರು ಬಾಯಿ ಮುಚ್ಚಿಕೊಂಡಿರಲಿ ಎಂದು ಕೊಟ್ಟ ಬಂಗಾರ ಅದು. ಮಾತ್ರೆ ಕಂಡರೆ ಬೀಗರು ಕೇಳುತ್ತಾರೆ ಎಂದು ಅವ್ವ ಮದುವೆಯ ಹಿಂದಿನ ವಾರ ಮಾತ್ರೆಯನ್ನೂ ಚೀಟಿಯನ್ನೂ ಒಲೆಗೆ ಹಾಕಿದಳು. ನಾನು ನೋಡುತ್ತಾ ನಿಂತಿದ್ದೆ. ನನಗಾಗ ಹದಿನೇಳು.

ಒಂದು ವರ್ಷ ಚೆನ್ನಾಗಿತ್ತು. ಗಂಡು ಮಗುವಾಯಿತು. ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಅಕ್ಕ ಗಂಡನ ಮನೆಗೆ ಹೋದಳು. ಕೂಸಿನ ಅಳು, ನಿದ್ದೆಗೇಡು, ದನದ ಕೆಲಸ. ಮಾತ್ರೆಯಂತೂ ಇಲ್ಲವೇ ಇಲ್ಲ. ಕಾಯಿಲೆ ಮರುಕಳಿಸಿತು. ಒಂದು ಮಧ್ಯಾಹ್ನ ಅವಳನ್ನು ಒಂದು ಕೈಚೀಲದ ಜೊತೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಹೋದರು. ಕೂಸನ್ನು ತಮ್ಮಲ್ಲೇ ಇಟ್ಟುಕೊಂಡರು, ಬಂಗಾರವನ್ನೂ ಇಟ್ಟುಕೊಂಡರು.

ಮನೆಗೆ ಬಂದ ಅಕ್ಕ ಮೂರು ಮಾತನ್ನು ತಿರುಗಿ ತಿರುಗಿ ಹೇಳುತ್ತಿದ್ದಳು. "ಊಟದಾಗ ವಿಷ ಹಾಕ್ತಾರ. ಗ್ವಾಡ್ಯಾಗಿಂದ ಮಾತಾಡ್ತಾರ. ಕ್ವಾಣ್ಯಾಗ ಕೂಡಿ ಹಾಕಿ ಹೊಡೀತಾರ." ನಾವು ಮೂರನ್ನೂ ಹುಚ್ಚಿನ ಮಾತು ಎಂದುಕೊಂಡೆವು. ಮೂರನೇ ದಿನ ನಾನು ಅವಳಿಗೆ ನೀರು ಹಾಕಲು ಬಚ್ಚಲಿಗೆ ಕರೆದುಕೊಂಡು ಹೋದೆ. ಕುಪ್ಪಸ ತೆಗೆದಾಗ ಬೆನ್ನ ತುಂಬ ಬಾರುಕೋಲಿನ ಬಾಸುಂಡೆ. ಕೆಲವು ಹಳೆಯವು, ಕೆಲವು ಹಸಿ.

ವಿಷದ ಮಾತು ಕಾಯಿಲೆಯದು. ಗೋಡೆಯ ಮಾತೂ ಕಾಯಿಲೆಯದು. ಹೊಡೆತ ನಿಜ. ಹುಚ್ಚಿ ಹೇಳಿದ್ದನ್ನು ಯಾರು ನಂಬುತ್ತಾರೆ ಎಂಬ ಧೈರ್ಯದಿಂದಲೇ ಹೊಡೆದವರು ಹೊಡೆದಿದ್ದರು. ಅವರ ಲೆಕ್ಕ ತಪ್ಪಲಿಲ್ಲ. ಹೆತ್ತವರೇ ಮೂರು ದಿನ ನಂಬಿರಲಿಲ್ಲ.

ನಮ್ಮ ಶಿಬಿರದಲ್ಲಿ ಈ ಕಾಯಿಲೆಯ ಮಾತು ಯಾಕೆ ಎಂಬುದು ಈಗ ತಿಳಿಯಿತು ಅಂದುಕೊಳ್ಳುತ್ತೇನೆ.

ಏನಿದು ಕಾಯಿಲೆ?

ಸ್ಕಿಜೋಫ್ರೀನಿಯಾ ಎಂಬ ಹೆಸರನ್ನು ಕೊಟ್ಟವರು ಸ್ವಿಟ್ಜರ್ಲೆಂಡಿನ ವೈದ್ಯ ಆಯ್ಗೆನ್ ಬ್ಲಾಯ್ಲರ್, 1908ರಲ್ಲಿ. ಗ್ರೀಕ್ ಭಾಷೆಯ ಎರಡು ಪದ ಸೇರಿಸಿ 'ಸೀಳಿದ ಮನಸ್ಸು' ಎಂಬ ಅರ್ಥದಲ್ಲಿ ಇಟ್ಟರು. ಕನ್ನಡದ ಪುಸ್ತಕಗಳಲ್ಲಿ ಇಚ್ಛಿತ್ತ ವಿಕಲತೆ, ಚಿತ್ತವಿಕಲತೆ ಎಂದೆಲ್ಲ ಬರೆಯುತ್ತಾರೆ. ಸಿನಿಮಾದಲ್ಲಿ ತೋರಿಸುವಂತೆ ಒಬ್ಬರೊಳಗೆ ಇಬ್ಬರು ಇರುವ ಕಾಯಿಲೆ ಇದಲ್ಲ. ಯೋಚನೆ, ಭಾವನೆ, ನಡತೆ ಇವು ಮೂರೂ ಒಂದಕ್ಕೊಂದು ಹೊಂದದೆ ಹೋಗುತ್ತವೆ. ಯಾವುದು ಹೊರಗೆ ನಡೆದದ್ದು, ಯಾವುದು ತನ್ನ ತಲೆಯೊಳಗೆ ಹುಟ್ಟಿದ್ದು ಎಂಬ ಗೆರೆ ಅಳಿಸಿಹೋಗುತ್ತದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಲೋಕದ ಲೆಕ್ಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ 12 ರಾಜ್ಯಗಳಲ್ಲಿ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಇಂಥ ತೀವ್ರ ಮನೋರೋಗಗಳು ಆ ಹೊತ್ತಿಗೆ ಸಾವಿರ ವಯಸ್ಕರಲ್ಲಿ ಸುಮಾರು 4 ಮಂದಿಗೆ ಇದ್ದವು. ಅವರಲ್ಲಿ ಮುಕ್ಕಾಲು ಪಾಲಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಿಮ್ಮ ಊರಲ್ಲಿ ಎಷ್ಟು ಜನರಿದ್ದಾರೆ, ನೀವೇ ಲೆಕ್ಕ ಹಾಕಿ. ಒಂದೆರಡು ಮನೆಯಾದರೂ ಇದ್ದೇ ಇರುತ್ತದೆ. ಬಾಗಿಲು ಮುಚ್ಚಿರುವುದರಿಂದ ನಮಗೆ ಕಾಣುವುದಿಲ್ಲ.

ಲಕ್ಷಣಗಳನ್ನು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ.

ಮೊದಲನೆಯದು, ಇಲ್ಲದ್ದು ಕೇಳಿಸುವುದು, ಕಾಣಿಸುವುದು. ಇದರಲ್ಲಿ ದನಿ ಕೇಳಿಸುವುದೇ ಹೆಚ್ಚು. ಆ ದನಿಗಳು ಬೈಯುತ್ತವೆ, ಅಣಕಿಸುತ್ತವೆ, ಇದನ್ನು ಮಾಡು ಎಂದು ಅಪ್ಪಣೆ ಕೊಡುತ್ತವೆ. ನನ್ನ ಮಾತು ನಿಮಗೆ ಈಗ ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆಯೋ ಅವರಿಗೆ ಅದು ಅಷ್ಟೇ ಸ್ಪಷ್ಟ. ನಾಟಕವಲ್ಲ.

ಎರಡನೆಯದು, ಯಾರು ಎಷ್ಟು ತಿಳಿಹೇಳಿದರೂ ಅಲುಗಾಡದ ತಪ್ಪು ನಂಬಿಕೆ. ಯಾರೋ ಕೊಲ್ಲಲು ಬರುತ್ತಿದ್ದಾರೆ, ಮಾಟ ಮಾಡಿಸಿದ್ದಾರೆ, ನನ್ನ ಯೋಚನೆಯನ್ನು ಕದಿಯುತ್ತಿದ್ದಾರೆ, ಟಿವಿಯಲ್ಲಿ ನನ್ನ ವಿಷಯವೇ ಹೇಳುತ್ತಿದ್ದಾರೆ ಎಂಬಂಥವು.

ಮೂರನೆಯದು, ಮಾತು ತಾಳ ತಪ್ಪುವುದು. ಒಂದು ಮಾತಿಗೂ ಮುಂದಿನ ಮಾತಿಗೂ ಸಂಬಂಧವಿರುವುದಿಲ್ಲ. ಸಾವಿನ ಮನೆಯಲ್ಲಿ ನಗು, ಸುಮ್ಮನಿದ್ದಲ್ಲಿ ಅಳು.

ನಾಲ್ಕನೆಯದನ್ನೇ ನಾವು ಹೆಚ್ಚು ತಪ್ಪಾಗಿ ತಿಳಿಯುವುದು. ಉತ್ಸಾಹ ಬತ್ತುತ್ತದೆ, ಮುಖದ ಮೇಲೆ ಭಾವನೆ ಇರುವುದಿಲ್ಲ, ಮಾತು ಕಡಿಮೆಯಾಗುತ್ತದೆ, ಸ್ನಾನ ಬೇಡ, ಯಾರೂ ಬೇಡ, ಹಗಲೆಲ್ಲ ಮಲಗಿರುವುದು. ಮನೆಯವರು ಇದನ್ನು ಸೋಮಾರಿತನ ಅನ್ನುತ್ತಾರೆ. ಅದೇ ಸೊಸೆಯಾದರೆ ಕೆಲಸಗಳ್ಳಿ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಏಟು ಶುರುವಾಗುವುದು ಇಲ್ಲಿಂದ. ಕಾಲು ಮುರಿದವಳನ್ನು ಓಡು ಎಂದು ಯಾರೂ ಹೊಡೆಯುವುದಿಲ್ಲ. ಇದೂ ಕಾಯಿಲೆಯ ಭಾಗ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಇವು ಒಂದು ದಿನ ಕಂಡು ಮರುದಿನ ಹೋದರೆ ಅದು ಸ್ಕಿಜೋಫ್ರೀನಿಯಾ ಅಲ್ಲ. ಒಂದು ತಿಂಗಳಾದರೂ ಬಿಡದೆ ಇದ್ದರೆ ವೈದ್ಯರು ಈ ಕಾಯಿಲೆಯನ್ನು ಯೋಚಿಸುತ್ತಾರೆ. ಗಂಡಸರಲ್ಲಿ ಹೆಚ್ಚಾಗಿ ಹದಿನೆಂಟು ಇಪ್ಪತ್ತರ ಸುಮಾರಿಗೆ ಶುರುವಾದರೆ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ ಶುರುವಾಗುತ್ತದೆ. ಆ ವಯಸ್ಸು ನಮ್ಮಲ್ಲಿ ಹೆಣ್ಣಿಗೆ ಮದುವೆಯಾಗುವ, ಹೆರಿಗೆಯಾಗುವ ವಯಸ್ಸು. ಹಾಗಾಗಿ "ನಮ್ಮನೆಗೆ ಬಂದ ಮೇಲೆ ಬಂತು", "ನೀವು ಕೊಡುವಾಗಲೇ ಇತ್ತು" ಎಂದು ಎರಡು ಮನೆಗಳ ನಡುವೆ ಜಗಳ ಹತ್ತುತ್ತದೆ. ಆ ಜಗಳದಲ್ಲಿ ಕಾಯಿಲೆಯವಳ ಚಿಕಿತ್ಸೆ ಯಾರ ಕೆಲಸವೂ ಆಗುವುದಿಲ್ಲ.

ಯಾಕೆ ಬರುತ್ತದೆ?

ಹಿಂದಿನ ಜನ್ಮದ ಪಾಪದಿಂದಲ್ಲ, ಮಾಟದಿಂದಲ್ಲ, ತಾಯಿ ಸರಿಯಾಗಿ ಬೆಳೆಸದೆ ಹೋದದ್ದರಿಂದಲೂ ಅಲ್ಲ. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಬಳಸುವ ರಾಸಾಯನಿಕಗಳಿವೆ. ಅವುಗಳಲ್ಲಿ ಡೋಪಮಿನ್ ಎಂಬುದರ ಏರುಪೇರು ಈ ಕಾಯಿಲೆಯಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ವಂಶದ ಪಾಲೂ ಇದೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 10. ಅಂದರೆ ನೂರರಲ್ಲಿ 90 ಮಕ್ಕಳಿಗೆ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಹೆಚ್ಚೇನಿಲ್ಲ. ಹಾಗಾಗಿ ರಕ್ತವೊಂದೇ ಕಾರಣವಲ್ಲ. ಗರ್ಭದಲ್ಲಿದ್ದಾಗಿನ, ಹುಟ್ಟುವಾಗಿನ ತೊಂದರೆಗಳು, ಬಾಲ್ಯದ ಹಿಂಸೆ, ಹರೆಯದಲ್ಲಿ ಗಾಂಜಾ ಸೇದುವುದು, ಬದುಕಿನ ಒತ್ತಡ ಇವೂ ಸೇರುತ್ತವೆ.

ಒಂದು ಎಚ್ಚರ. ಸಂಕಟಪಡುವ ಹೆಂಗಸರಿಗೆಲ್ಲ ಈ ಹೆಸರು ಹಚ್ಚಬೇಡಿ. ದಿನವೂ ಹೊಡೆತ ತಿನ್ನುವವಳು ಅಳುತ್ತಾಳೆ, ಬೆಚ್ಚಿಬೀಳುತ್ತಾಳೆ, ಮೂಲೆ ಹಿಡಿಯುತ್ತಾಳೆ. ಅದು ಖಿನ್ನತೆಯಿರಬಹುದು, ಭಯವಿರಬಹುದು. ಮೈಮೇಲೆ ದೇವರು ಬರುವುದು ಬೇರೆ. ಥೈರಾಯ್ಡ್ ತೊಂದರೆ, ಮಿದುಳು ಜ್ವರ, ಮೂರ್ಛೆರೋಗದಲ್ಲೂ ನಡತೆ ಕೆಡಬಹುದು. ತೀರ್ಮಾನಿಸಬೇಕಾದದ್ದು ವೈದ್ಯರು, ಅತ್ತೆಯಲ್ಲ, ಪೂಜಾರಿಯಲ್ಲ, ನಾನೂ ಅಲ್ಲ.

ಸಭೆಯಲ್ಲಿ ಒಬ್ಬ ತಾಯಿ ಬಾಣಂತಿ ಸನ್ನಿಯ ಬಗ್ಗೆ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ, ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ, ತಟ್ಟನೆ ನಿದ್ದೆ ಹೋಗಿ, ಗಾಬರಿಯಾಗಿ, ಇಲ್ಲದ್ದು ಕಂಡು ಕೇಳಿ, ಮಗು ತನ್ನದಲ್ಲ ಅನ್ನುವಂತೆ ಆಗುತ್ತದೆ. ಇದು ಸ್ಕಿಜೋಫ್ರೀನಿಯಾದಿಂದ ಬೇರೆಯಾದ ಕಾಯಿಲೆ. ಚಿಕಿತ್ಸೆ ಕೊಟ್ಟರೆ ಬಹಳ ಜನ ಪೂರ್ತಿ ಗುಣವಾಗುತ್ತಾರೆ. ಆದರೆ ಇದು ತುರ್ತು ಪರಿಸ್ಥಿತಿ. ತಾಯಿಗೂ ಮಗುವಿಗೂ ಜೀವಾಪಾಯವಿರುತ್ತದೆ. ಶೀತವಾಗಿದೆ, ಪಥ್ಯ ತಪ್ಪಿದೆ ಎಂದು ಕತ್ತಲೆ ಕೋಣೆಯಲ್ಲಿ ಇಟ್ಟು ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗುವನ್ನು ಒಂಟಿಯಾಗಿ ಅವಳ ಬಳಿ ಬಿಡಬೇಡಿ, ಅವಳಿಂದ ಕಿತ್ತುಕೊಳ್ಳಲೂ ಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡೇ ಇದೆ.

ಮಾತ್ರೆಯ ಮಾತು

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧಿಯನ್ನು ಈ ಕಾಯಿಲೆಗೆ ಕೊಟ್ಟು ನೋಡಿದರು. ಅಲ್ಲಿಯವರೆಗೆ ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಯೊಳಗೆ ಇದ್ದವರು ಮನೆಗೆ ಹೋಗುವಂತಾಯಿತು. ಆಮೇಲೆ ಹಾಲೋಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪೀನ್ ಮುಂತಾದವು ಬಂದವು. ಬೇರೆ ಮಾತ್ರೆಗಳಿಗೆ ಬಗ್ಗದ ಕಾಯಿಲೆಗೆ ಕ್ಲೋಜಪೀನ್ ಇದೆ. ಅದನ್ನು ತೆಗೆದುಕೊಳ್ಳುವವರು ವೈದ್ಯರು ಹೇಳಿದಂತೆ ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ದಿನವೂ ಮಾತ್ರೆ ನುಂಗಲು ಆಗದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಹಾಕುವ ಇಂಜೆಕ್ಷನ್ ಇದೆ.

ಇವು ಜ್ವರದ ಮಾತ್ರೆಯಂತೆ ಸಂಜೆಯೊಳಗೆ ಗುಣ ತೋರಿಸುವುದಿಲ್ಲ. ಎರಡರಿಂದ ಆರು ವಾರ ಬೇಕು. ನಿದ್ದೆ ಮೊದಲು ಸರಿಯಾಗುತ್ತದೆ, ಗಾಬರಿ ಇಳಿಯುತ್ತದೆ, ದನಿಗಳು ನಿಧಾನವಾಗಿ ದೂರವಾಗುತ್ತವೆ. ದನಿ ಹೋಯಿತೆಂದು ಮಾತ್ರೆ ಬಿಟ್ಟರೆ ಕಾಯಿಲೆ ಮರಳುತ್ತದೆ. ಅಕ್ಕನಿಗೆ ಆದದ್ದು ಅದೇ. ಮೊದಲ ಸಲ ಬಂದವರಿಗೂ ಗುಣವಾದ ಮೇಲೆ ಒಂದೆರಡು ವರ್ಷವಾದರೂ ಮುಂದುವರಿಸಬೇಕು. ಪದೇ ಪದೇ ಬಂದವರಿಗೆ ಐದು ವರ್ಷ, ಕೆಲವರಿಗೆ ಜೀವನಪರ್ಯಂತ. ಸಕ್ಕರೆ ಕಾಯಿಲೆಯವರು, ಬಿಪಿಯವರು ನುಂಗುವುದಿಲ್ಲವೇ, ಹಾಗೆಯೇ.

ಮಾತ್ರೆಯಿಂದ ತೊಂದರೆಯೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ತೂಕಡಿಕೆ, ಕೈ ನಡುಕ, ಮೈ ಬಿಗಿತ, ಬಾಯಲ್ಲಿ ಜೊಲ್ಲು. ಕೆಲವು ಮಾತ್ರೆಗಳಿಂದ ಮೈ ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಬರಬಹುದು. ಹೆಂಗಸರಿಗೆ ಇನ್ನೊಂದಿದೆ. ಕೆಲವು ಔಷಧಿಗಳಿಂದ ಮುಟ್ಟು ನಿಲ್ಲುತ್ತದೆ, ಬಾಣಂತಿಯಲ್ಲದವಳ ಎದೆಯಲ್ಲೂ ಹಾಲು ಬರುತ್ತದೆ. ನಾಚಿಕೆಯಿಂದ ಡಾಕ್ಟರ ಮುಂದೆ ಹೇಳುವುದಿಲ್ಲ. ಹೇಳದೆ ಮಾತ್ರೆ ಬಿಡುತ್ತಾರೆ. ಮುಟ್ಟು ನಿಂತದ್ದನ್ನು ಕಂಡು ಗಂಡ ಅನುಮಾನ ಪಟ್ಟು ಹೊಡೆದ ಪ್ರಕರಣವೂ ನನ್ನ ಮುಂದೆ ಬಂದಿದೆ. ಇಂಥ ತೊಂದರೆ ಕಂಡರೆ ವೈದ್ಯರು ಪ್ರಮಾಣ ಇಳಿಸಬಹುದು, ಔಷಧಿ ಬದಲಿಸಬಹುದು. ಬಸುರಾಗಬೇಕು ಎಂದಿರುವವಳು ಮೊದಲೇ ವೈದ್ಯರೊಡನೆ ಮಾತಾಡಬೇಕು. ಬಸುರಿಯೆಂದು ತಿಳಿದ ಕೂಡಲೇ ತಾನೇ ಮಾತ್ರೆ ನಿಲ್ಲಿಸಬಾರದು.

ಕರೆಂಟ್ ಕೊಡುತ್ತಾರಂತೆ ಎಂದು ಹಲವರು ಹೆದರುತ್ತಾರೆ. ಕೆಲವು ತೀವ್ರ ಸ್ಥಿತಿಗಳಲ್ಲಿ, ಅನ್ನ ನೀರು ಬಿಟ್ಟವರಿಗೆ, ಆತ್ಮಹತ್ಯೆಯ ಅಪಾಯವಿರುವವರಿಗೆ ಆ ಚಿಕಿತ್ಸೆ ಇಂದೂ ಉಪಯೋಗಕ್ಕೆ ಬರುತ್ತದೆ. ಆದರೆ ಅರಿವಳಿಕೆ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. ಸರಪಳಿಯಲ್ಲಿ ಕಟ್ಟುವುದನ್ನೂ ನಿಷೇಧಿಸಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಳಗಿನ ಜಾವ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗೆ ಸರಪಳಿ ಬಿಗಿದು ಇಟ್ಟಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು, 28 ಜನ. ದೇವರ ಸನ್ನಿಧಿಯಲ್ಲಿ ವಾಸಿಯಾಗಲಿ ಎಂದು ಮನೆಯವರು ಬಿಟ್ಟುಹೋಗಿದ್ದವರು ಅವರು. ದೇವರಿಗೆ ಹರಕೆ ಹೊರಬೇಡಿ ಎಂದು ನಾನು ಹೇಳುವುದಿಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. ಸರಪಳಿ, ಬರೆ, ಹೊಡೆತ, ಉಪವಾಸ ಮಾತ್ರ ಬೇಡ.

ಮಾತ್ರೆಯಷ್ಟೇ ಸಾಲದು. ಮನೆಯಲ್ಲಿ ಸದಾ ಬೈಗುಳ, ಹಂಗಣೆ ಇದ್ದರೆ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ದನಿ ಕೇಳುತ್ತಿದೆ ಎಂದು ಅವಳು ಹೇಳಿದರೆ "ಸುಳ್ಳು ಹೇಳಬೇಡ" ಎಂದು ವಾದಿಸಬೇಡಿ. "ಹೌದು, ನನಗೂ ಕೇಳುತ್ತಿದೆ" ಎಂದು ಹೂಗುಟ್ಟಲೂ ಬೇಡಿ. "ನನಗೆ ಕೇಳ್ತಿಲ್ಲವ್ವಾ, ನಿನಗೆ ಕೇಳಿ ಹೆದರಿಕೆ ಆಗ್ತದಲ್ಲ, ನಾನು ಇಲ್ಲೇ ಇರ್ತೀನಿ" ಅನ್ನಿ. ಸಣ್ಣ ಕೆಲಸ ಕೊಡಿ, ಮಾಡಿದ್ದಕ್ಕೆ ಒಳ್ಳೆಯ ಮಾತಾಡಿ. ಸಾಯುವ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾಯಿಲೆಯವರಲ್ಲಿ ಆತ್ಮಹತ್ಯೆ ಹೆಚ್ಚು. ಕೊಲೆಗಡುಕರು ಎಂದು ಜನ ಇವರಿಗೆ ಹೆದರುತ್ತಾರೆ. ನಿಜದಲ್ಲಿ ಇವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು.

ಚಿಕಿತ್ಸೆ ಎಲ್ಲಿ ಸಿಗುತ್ತದೆ? ಬೆಂಗಳೂರು, ಧಾರವಾಡದ ದೊಡ್ಡ ಆಸ್ಪತ್ರೆಗಳಷ್ಟೇ ಅಲ್ಲ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿ ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಸಂದೇಹವಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮದುವೆ ಎಂಬ ವ್ಯಾಪಾರದಲ್ಲಿ ಕಾಯಿಲೆ

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಮುಂದೆ ಬರುವ ಪ್ರಕರಣಗಳಲ್ಲಿ ಈ ಕಾಯಿಲೆ ನಾಲ್ಕು ರೀತಿಯಲ್ಲಿ ಬರುತ್ತದೆ.

ಒಂದು, ಮಗಳ ಕಾಯಿಲೆ ಮುಚ್ಚಿಟ್ಟು ಹೆಚ್ಚು ವರದಕ್ಷಿಣೆ ಕೊಟ್ಟು ಸಾಗಹಾಕುವುದು. ನಾವು ಮಾಡಿದ್ದು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯಿದೆಯಲ್ಲಿ ಅಪರಾಧ. ಅದಿರಲಿ, ಆ ಹಣ ಅಕ್ಕನಿಗೆ ರಕ್ಷಣೆ ಕೊಟ್ಟಿತೇ? ಬಾಯಿ ಮುಚ್ಚಲು ಕೊಟ್ಟ ಬಂಗಾರ ತೀರಿದ ಮೇಲೆ ಇನ್ನಷ್ಟು ತಾ ಎಂದರು. ಇಲ್ಲ ಎಂದಾಗ ಬಾರುಕೋಲು ಬಂತು.

ಎರಡು, ಮಗನ ಕಾಯಿಲೆ ಮುಚ್ಚಿಟ್ಟು ಬಡವರ ಮನೆಯ ಹುಡುಗಿಯನ್ನು "ಏನೂ ಬೇಡ, ಹುಡುಗಿ ಕೊಟ್ಟರೆ ಸಾಕು" ಎಂದು ತರುವುದು. ಆ ಸೊಸೆ ಸಂಬಳವಿಲ್ಲದ ದಾದಿ. ಅವನು ಗುಣವಾಗದಿದ್ದರೆ "ಇವಳ ಕಾಲ್ಗುಣ". ಇಂಥ ಹೆಂಡತಿಗೂ ನಮ್ಮ ಬೆಂಬಲ ಬೇಕು. ಗಂಡನ ಮೇಲೆ ಮರುಕವಿರುವುದರಿಂದ ಅವಳು ಏಟನ್ನು ಸಹಿಸಬೇಕು ಎಂದೇನೂ ಇಲ್ಲ. ಸಂಬಂಧ ಕೂಡಿಸುವಾಗ ಮುಚ್ಚಿಟ್ಟಿದ್ದರೆ, ಗೊತ್ತಾದ ಒಂದು ವರ್ಷದೊಳಗೆ ಮದುವೆ ರದ್ದತಿಗೆ ಹಿಂದೂ ವಿವಾಹ ಕಾಯಿದೆಯಡಿ ಅರ್ಜಿ ಹಾಕಲು ದಾರಿಯಿದೆ.

ಮೂರು, ಸರಿಯಿರುವವಳಿಗೇ ಹುಚ್ಚಿ ಎಂಬ ಪಟ್ಟ ಕಟ್ಟಿ ಓಡಿಸುವುದು. ಎರಡನೇ ಮದುವೆಯಾಗಬೇಕು, ಇನ್ನೊಂದು ವರದಕ್ಷಿಣೆ ಬೇಕು. ಒಂದು ದಿನ ನಿದ್ದೆ ಮಾತ್ರೆ ಬರೆಸಿಕೊಂಡ ಚೀಟಿ ಹಿಡಿದು ನ್ಯಾಯಾಲಯಕ್ಕೆ ಹೋಗುತ್ತಾರೆ. ನೆನಪಿಡಿ, ಹಿಂದೆ ಯಾವತ್ತೋ ಚಿಕಿತ್ಸೆ ಪಡೆದಿದ್ದಳು ಎಂಬುದರಿಂದಲೇ ಇವತ್ತೂ ಮನೋರೋಗಿ ಎಂದು ತೀರ್ಮಾನಿಸುವಂತಿಲ್ಲ ಎಂದು 2017ರ ಕಾಯಿದೆ ಹೇಳುತ್ತದೆ.

ನಾಲ್ಕು, ಕಾಯಿಲೆ ನಿಜವಾಗಿ ಇರುವವಳ ಮೇಲಿನ ಹಿಂಸೆ. ಯಾರೂ ನಂಬದ ಹಿಂಸೆ.

ಕಾಯಿಲೆ ಇದ್ದರೆ ವಿಚ್ಛೇದನ ತಾನಾಗಿ ಸಿಕ್ಕಿಬಿಡುತ್ತದೆ ಎಂದು ಗಂಡನ ಕಡೆಯವರು ಹೆದರಿಸುತ್ತಾರೆ. ಹಾಗಿಲ್ಲ. ಹಿಂದೂ ವಿವಾಹ ಕಾಯಿದೆಯ 13ನೇ ಕಲಂ ಮನೋರೋಗವನ್ನು ಕಾರಣವಾಗಿ ಹೇಳುತ್ತದೆ ನಿಜ. ಆದರೆ ಕಾಯಿಲೆಯ ಹೆಸರು ಹೇಳಿದರೆ ಸಾಲದು, ಜೊತೆಗೆ ಬಾಳಲಾಗದಷ್ಟು ತೀವ್ರವಾಗಿದೆ ಎಂಬುದನ್ನು ರುಜುವಾತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. 2013ರಲ್ಲೂ ಹೆಂಡತಿಗೆ ಸ್ಕಿಜೋಫ್ರೀನಿಯಾ ಇದೆ ಎಂದು ಗಂಡ ಕೇಳಿದ ವಿಚ್ಛೇದನವನ್ನು ಅದೇ ನ್ಯಾಯಾಲಯ ನಿರಾಕರಿಸಿತು. ವಿಚ್ಛೇದನ ಆದರೂ ಜೀವನಾಂಶ ಕೇಳುವ ಹಕ್ಕು ಹೋಗುವುದಿಲ್ಲ.

ಚೆನ್ನೈಯಲ್ಲಿ ಸ್ಕಾರ್ಫ್ ಎಂಬ ಸಂಸ್ಥೆಯಿದೆ. ಮಂಗಳೂರಿನಲ್ಲಿ ಹುಟ್ಟಿದ ಮನೋವೈದ್ಯೆ ಶಾರದಾ ಮೆನನ್ 1984ರಲ್ಲಿ ಕಟ್ಟಿದ್ದು. ಅಲ್ಲಿನ ಡಾ. ಆರ್. ತಾರಾ ಮತ್ತು ಸಂಗಡಿಗರು ಈ ಕಾಯಿಲೆಯಿದ್ದು ಮದುವೆ ಮುರಿದ 76 ಹೆಂಗಸರ ಬದುಕನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಕಾಯಿಲೆಯ ಕಳಂಕಕ್ಕಿಂತ ಗಂಡ ಬಿಟ್ಟವಳು ಎಂಬ ಕಳಂಕವೇ ಆ ಹೆಂಗಸರನ್ನೂ ಅವರ ಮನೆಯವರನ್ನೂ ಹೆಚ್ಚು ನೋಯಿಸುತ್ತಿತ್ತು ಎಂದು ಅದು ಹೇಳುತ್ತದೆ. ಡಾಕ್ಟರು ಕಾಯಿಲೆಗೆ ಮಾತ್ರೆ ಕೊಡಬಲ್ಲರು. ಈ ಎರಡನೇ ಕಳಂಕಕ್ಕೆ ಮಾತ್ರೆಯಿಲ್ಲ. ಅದನ್ನು ಹಚ್ಚಿದವರು ನಾವು, ತೊಳೆಯಬೇಕಾದವರೂ ನಾವೇ.

ಸಂಘ ಏನು ಮಾಡಬಹುದು?

ವಾರದ ಸಭೆಗೆ ಎರಡು ಮೂರು ಸಲ ಬಾರದೆ ಇದ್ದವಳ ಮನೆಗೆ ಹೋಗಿ. ಕಂತು ಕೇಳಲು ಹೋಗುತ್ತೀರಲ್ಲ, ಹಾಗೆಯೇ ಅವಳು ಹೇಗಿದ್ದಾಳೆ ಎಂದು ನೋಡಲು ಹೋಗಿ.

ಆಸ್ಪತ್ರೆಗೆ ಮೊದಲ ಸಲ ಜೊತೆಗೆ ಹೋಗಿ. ಚೀಟಿ, ಮಾತ್ರೆಯ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಸ್ ಚಾರ್ಜಿಗೆ ಸಂಘದ ಸಣ್ಣ ಸಾಲ ಕೊಡಿ.

ಕಾಯಿಲೆಯವಳು ಹಿಂಸೆಯ ಮಾತು ಹೇಳಿದರೆ ಮೊದಲು ಮೈ ನೋಡಿ, ಆಮೇಲೆ ತೀರ್ಮಾನ ಮಾಡಿ. ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲೆ ಮಾಡಿಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಕಾಯಿಲೆಯವಳು, ಕಾಯಿಲೆಯಿಲ್ಲದವಳು ಎಂದು ಭೇದ ಮಾಡುವುದಿಲ್ಲ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕು, ಸ್ತ್ರೀಧನ ವಾಪಸು ಪಡೆಯುವ ಹಕ್ಕು, ಮಕ್ಕಳನ್ನು ಕೇಳುವ ಹಕ್ಕು ಅವಳಿಗೂ ಇದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181. ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯದ ಮಿತಿಯಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ.

ಆಸ್ಪತ್ರೆಗೆ ಸೇರಿಸಬೇಕಾದರೆ, ಮೂರು ವರ್ಷದೊಳಗಿನ ಕೂಸನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಎಂದು 2017ರ ಕಾಯಿದೆ ಹೇಳುತ್ತದೆ. ಕೇಳಿ ಪಡೆಯಿರಿ. ದೀರ್ಘಕಾಲದ ಮನೋರೋಗವನ್ನು 2016ರ ಕಾಯಿದೆ ವಿಕಲತೆ ಎಂದು ಒಪ್ಪಿದೆ. ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದ ವಿಕಲತೆಯ ಪ್ರಮಾಣಪತ್ರವಿದ್ದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು.

ಕೊನೆಯದು, ಸಂಬಂಧ ಕೂಡಿಸುವ ಮನೆಗಳಲ್ಲಿ ಮಾತಾಡಿ. ಕಾಯಿಲೆ ಬಂದವಳು ಮದುವೆಯಾಗಲೇಬಾರದು ಎಂದಲ್ಲ. ಗುಣವಾಗಿ, ಮಾತ್ರೆ ಮುಂದುವರಿಸಿಕೊಂಡು, ಎದುರಿನವರಿಗೆ ಎಲ್ಲವನ್ನೂ ತಿಳಿಸಿ, ತನಗೂ ಇಷ್ಟವಿದ್ದು ಆಗುವುದಾದರೆ ಆಗಲಿ. ಸಂಸಾರ ಮಾಡುತ್ತಿರುವ ಎಷ್ಟೋ ಜನರಿದ್ದಾರೆ. ಕಾಯಿಲೆ ವಾಸಿಯಾಗಲಿ ಎಂದು ಮದುವೆ ಮಾಡಬೇಡಿ. ಮದುವೆ ಮದ್ದಲ್ಲ.

ಅಕ್ಕನ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. ಆಮೇಲೆ ಅವಳನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆವು. ಗುಣವಾಗಲು ಈ ಸಲ ಒಂದು ವರ್ಷ ಹಿಡಿಯಿತು. ಬಂಗಾರ ಬರಲಿಲ್ಲ. ಜೀವನಾಂಶ ಕೇಳಬಹುದೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಗುವನ್ನು ತಿರುಗಿ ನೋಡಿದ್ದು ಅವನಿಗೆ ಹದಿನಾರಾದಾಗ, ಅವನೇ ಹುಡುಕಿಕೊಂಡು ಬಂದಾಗ. ಈಗ ಅಕ್ಕನಿಗೆ ಐವತ್ತು ದಾಟಿದೆ. ತಿಂಗಳಿಗೊಮ್ಮೆ ಇಂಜೆಕ್ಷನ್. ಒಮ್ಮೊಮ್ಮೆ ದನಿ ಬರುತ್ತದೆ, "ಬಂದ್ರ ಬರ್ಲಿ, ನನ್ನ ಕೆಲಸ ನನಗ" ಅನ್ನುತ್ತಾಳೆ. ಊರಿನ ಸಂಘದಲ್ಲಿ ಸದಸ್ಯೆ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಸಾಲ ತೀರಿಸಿದ್ದಾಳೆ.

ಅವ್ವ ಸಾಯುವ ಮುಂಚೆ ಒಂದು ದಿನ ಅಕ್ಕನನ್ನು ಹತ್ತಿರ ಕರೆದು, "ಅವತ್ತು ಆ ಮಾತ್ರಿ ಸುಡಬಾರದಿತ್ತವ್ವಾ" ಎಂದಳು. ಅಕ್ಕ ಏನೂ ಹೇಳಲಿಲ್ಲ, ಅವ್ವನ ಕೈ ಹಿಡಿದುಕೊಂಡು ಕೂತಳು. ನಿಮ್ಮ ಊರಿನಲ್ಲಿ ಇವತ್ತು ಯಾವ ಮನೆಯ ಒಲೆಯ ಮುಂದೆ ಮಾತ್ರೆ ಹಿಡಿದು ಯಾವ ತಾಯಿ ನಿಂತಿದ್ದಾಳೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬಹುದು. ಇಲ್ಲಿಂದ ಹೋಗುವಾಗ ಆ ಮನೆಯ ಬಾಗಿಲು ತಟ್ಟಿ ಹೋಗಿ.